ಯಾದವಗಿರಿಯ ಮನೆ, ಕಥೆಯ ತಿರುವು

ಕಥೆ ಬರೆಯುವ ಹುಡುಗ ಹುಡುಗಿಯರಿಗೆ ಲಾರಿಯ ಮೇಲೆ ಅದೇನೋ ವಿಪರೀತ ನಂಬಿಕೆ. ಕಥೆ ಮುಂದಕ್ಕೆ ಹೋಗದೆ ನಿಂತಾಗ ಎಲ್ಲಿಂದಲೋ ಒಂದು ಲಾರಿ ಬರುತ್ತದೆ. ನಾಯಕನೋ ನಾಯಕಿಯೋ ಅದರಡಿಗೆ ಸಿಕ್ಕು ಕಥೆ ಮುಗಿಯುತ್ತದೆ. ಲಾರಿ ಸಿಗದಿದ್ದವರು ಕನಸಿನ ಮೊರೆಹೋಗುತ್ತಾರೆ. ಇಷ್ಟೆಲ್ಲ ನಡೆದ ಮೇಲೆ ಅಮ್ಮ ಬಂದು ಹೊದಿಕೆ ಎಳೆದು 'ಏಳೋ, ಹೊತ್ತಾಯಿತು' ಎನ್ನುತ್ತಾಳೆ. ಯಾವ ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಬೇಕಾದರೂ ತೆರೆದು ನೋಡಿ, ಕಥೆಗಳ ವಿಭಾಗದಲ್ಲಿ ಇವೆರಡರಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ. 'ಅಂತ್ಯ ಅನಿರೀಕ್ಷಿತವಾಗಿರಬೇಕು' ಎಂದು ಮೇಷ್ಟರು ಹೇಳಿಕೊಟ್ಟದ್ದನ್ನು ಮಕ್ಕಳು ಪಾಲಿಸುವ ರೀತಿ ಇದು.

ಹಾಸನದಲ್ಲಿರುವ ನನ್ನ ತಂಗಿಯ ಮಗಳೂ ಈ ಬೇಸಿಗೆಯಲ್ಲಿ ಅಂಥದೊಂದು ಕಥೆ ಬರೆದಳು. ಕಥೆಯ ಹುಡುಗಿ ದ್ವಿತೀಯ ಪಿಯುಸಿಯ ಭೌತಶಾಸ್ತ್ರದಲ್ಲಿ ಫೇಲಾಗುತ್ತಾಳೆ. ಯಾರಿಗೂ ಹೇಳದೆ ಮನೆಯಿಂದ ಹೊರಬೀಳುತ್ತಾಳೆ. ರಸ್ತೆ ದಾಟುವಾಗ ಲಾರಿ. ಬೇರೆ ಸಮಯದಲ್ಲಾಗಿದ್ದರೆ ಓದಿ ನಕ್ಕುಬಿಡಬಹುದಿತ್ತು. ಆದರೆ ಹದಿನೈದು ದಿನ ಮುಂಚೆಯಷ್ಟೇ ಕಥೆ ಬರೆದವಳೂ ಅದೇ ಭೌತಶಾಸ್ತ್ರದಲ್ಲಿ ಫೇಲಾಗಿದ್ದಳು. ನೋಟ್‌ಬುಕ್ಕು ತಂಗಿಯ ಕೈಗೆ ಸಿಕ್ಕಿತು. ರಾತ್ರಿ ಹತ್ತು ಗಂಟೆಗೆ ನನಗೆ ಫೋನು ಮಾಡಿದವಳು ಮಾತನಾಡಲಾಗದೆ ಅತ್ತುಬಿಟ್ಟಳು. ಬೆಳಗಾಗುತ್ತಲೇ ನಾನು ಹಾಸನದ ಬಸ್ಸು ಹಿಡಿದೆ.

ಕೇಳಿದರೆ ಹುಡುಗಿ, "ಅಯ್ಯೋ ಮಾವ, ಅದು ಬರೀ ಕಥೆ! ಕೊನೆಯಲ್ಲಿ ಒಂದು ಶಾಕ್ ಬೇಕಲ್ಲ, ಅದಕ್ಕೆ ಲಾರಿ ತಂದೆ" ಎಂದಳು. ಅವಳ ಮುಖ ನೋಡಿದರೆ ನಿಜವನ್ನೇ ಹೇಳುತ್ತಿದ್ದಾಳೆ ಅನ್ನಿಸಿತು. ತಂಗಿಗೆ ಮಾತ್ರ ಸಮಾಧಾನವಿಲ್ಲ. "ಎರಡು ದಿನ ಎಲ್ಲಿಗಾದರೂ ಕರೆದುಕೊಂಡು ಹೋಗಣ್ಣ. ಮೈಸೂರಿಗೇ ಹೋಗು. ಕುಕ್ಕರಹಳ್ಳಿ ಕೆರೆ ತೋರಿಸು" ಎಂದಳು. ಆ ಕೆರೆ ಅವಳಿಗೆ ಚೆನ್ನಾಗಿ ಗೊತ್ತು. ಪಿಯುಸಿ ಮುಗಿಸುವ ಮುಂಚೆ ಒಂದು ವರ್ಷ ಸರಸ್ವತಿಪುರದ ನಮ್ಮ ಚಿಕ್ಕಮ್ಮನ ಮನೆಯಲ್ಲಿದ್ದಾಗ ದಿನಾ ಸಂಜೆ ಅದರ ಏರಿಯ ಮೇಲೆ ನಡೆಯುತ್ತಿದ್ದೆ ಎಂದು ಮಗಳ ಎದುರಿಗೇ ಹೇಳಿದಳು. ಕೆರೆಯ ಜೊತೆಗೆ ನಾನು ಇನ್ನೊಂದು ಜಾಗವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೆ. ಕಥೆಯ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಳ್ಳಲು ಹುಡುಗಿಗೆ ಹೇಳಿ, ಮರುದಿನ ಬೆಳಗಿನ ಮೈಸೂರು ರೈಲು ಹತ್ತಿದೆವು.

ಎಂಟು ಕಿಟಕಿ, ಒಂದು ಪರದೆ

ಮೈಸೂರು ರೈಲು ನಿಲ್ದಾಣದಿಂದ ಯಾದವಗಿರಿ ಬಹಳ ದೂರವಿಲ್ಲ. ಬಡಾವಣೆಯ ಹಳೆಯ ರಸ್ತೆಗಳಲ್ಲಿ ಇನ್ನೂ ಒಂದಷ್ಟು ಮರಗಳು ಉಳಿದಿವೆ. ವಿವೇಕಾನಂದ ರಸ್ತೆಯಲ್ಲಿ ಎರಡಂತಸ್ತಿನ ಒಂದು ಮನೆ. ಇದು ಆರ್.ಕೆ. ನಾರಾಯಣ್ ಅವರು ಕಟ್ಟಿಸಿಕೊಂಡು ಹಲವು ದಶಕ ಬಾಳಿದ ಮನೆ. 1990ರ ದಶಕದ ಆರಂಭದಲ್ಲಿ ಅವರು ಮದರಾಸಿಗೆ ಹೋದರು. ಅಲ್ಲೇ 2001ರ ಮೇ 13ರಂದು ತೀರಿಕೊಂಡರು.

ಮನೆಗೂ ಒಂದು ಕಥೆಯಿದೆ. 2011ರಲ್ಲಿ ಇದನ್ನು ಕೆಡವುವ ಕೆಲಸ ಶುರುವಾಗಿಬಿಟ್ಟಿತ್ತು. ಸುದ್ದಿ ಹರಡಿ ಊರಿನವರು, ಪತ್ರಕರ್ತರು, ಬರಹಗಾರರು ದನಿಯೆತ್ತಿದ ಮೇಲೆ ಸುತ್ತಿಗೆ ನಿಂತಿತು. ಆಮೇಲೆ ನಗರಪಾಲಿಕೆ ಮನೆಯನ್ನು ದುರಸ್ತಿ ಮಾಡಿಸಿ 2016ರಲ್ಲಿ ಸ್ಮಾರಕವಾಗಿ ತೆರೆಯಿತು. ಒಳಗೆ ಅವರ ಕನ್ನಡಕ, ಕೋಟುಗಳು, ಪುಸ್ತಕಗಳು, ಮನೆಯವರ ಛಾಯಾಚಿತ್ರಗಳಿವೆ. ಆಡಂಬರವೇನೂ ಇಲ್ಲ. ದೊಡ್ಡವರ ಮನೆಗೆ ಅವರು ಇಲ್ಲದ ಹೊತ್ತಿನಲ್ಲಿ ಹೋಗಿ ಹಾಗೇ ಕಣ್ಣಾಡಿಸಿ ಬಂದಂತೆ ಇರುತ್ತದೆ.

ಮೆಟ್ಟಿಲು ಹತ್ತಿದರೆ ಅವರು ಬರೆಯುತ್ತಿದ್ದ ಕೋಣೆ. ಗೋಡೆ ಅರ್ಧ ವೃತ್ತದಂತೆ ಹೊರಕ್ಕೆ ಚಾಚಿದೆ; ಅದರಲ್ಲಿ ಸಾಲಾಗಿ ಎಂಟು ಕಿಟಕಿ. ಚಾಮುಂಡಿ ಬೆಟ್ಟ, ಮನೆಗಳು, ಹೂಗಿಡಗಳು ಎಲ್ಲ ಕಾಣಲೆಂದು ಆಸೆಪಟ್ಟು ಮಾಡಿಸಿದ್ದು. ಆದರೆ ಕೂತ ಮೇಲೆ ಗೊತ್ತಾಯಿತಂತೆ, ನೋಟ ಇಷ್ಟು ಚೆನ್ನಾಗಿದ್ದರೆ ಬರೆಯಲು ಆಗುವುದಿಲ್ಲ ಎಂದು. ಕೊನೆಗೆ ಕಿಟಕಿಗಳಿಗೆ ದಪ್ಪ ಪರದೆ ಇಳಿಬಿಟ್ಟು ಅದನ್ನೇ ನೋಡುತ್ತಾ ಬರೆದರು.

"ಎಂಟು ಕಿಟಕಿ ಮಾಡಿಸಿ ಪರದೆ ಹಾಕಿದರೇ!" ಎಂದು ಹುಡುಗಿ ನಕ್ಕಳು. ಹದಿನೈದು ದಿನದಲ್ಲಿ ಅವಳು ನಕ್ಕದ್ದು ಇದೇ ಮೊದಲು ಎಂದು ತಂಗಿಗೆ ಫೋನು ಮಾಡಿ ಹೇಳೋಣವೆನಿಸಿತು. ಹೇಳಲಿಲ್ಲ.

ಕೋಣೆಯಲ್ಲಿ ನಿಂತು ಅವಳಿಗೆ ಇನ್ನೊಂದು ಸಂಗತಿ ಹೇಳಿದೆ. 1980ರ ದಶಕದಲ್ಲಿ ನಾರಾಯಣ್ ರಾಜ್ಯಸಭೆಗೆ ನಾಮಕರಣಗೊಂಡರು. ದೇಶ ವಿದೇಶಗಳಲ್ಲಿ ಹೆಸರಾದ ಲೇಖಕರು; ಮೊದಲ ಭಾಷಣದಲ್ಲಿ ಸಾಹಿತ್ಯದ ಬಗ್ಗೆಯೋ ಸಂಸ್ಕೃತಿಯ ಬಗ್ಗೆಯೋ ಮಾತನಾಡುತ್ತಾರೆಂದು ಯಾರಾದರೂ ಎಣಿಸುತ್ತಿದ್ದರು. ಅವರು ಮಾತನಾಡಿದ್ದು ಶಾಲೆಯ ಮಕ್ಕಳ ಬೆನ್ನಿನ ಮೇಲಿನ ಚೀಲದ ಭಾರದ ಬಗ್ಗೆ! ಮುಂದೆ ಯಶ್‌ಪಾಲ್ ಸಮಿತಿ ನೇಮಕವಾಗಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯನ್ನು ಕುರಿತು ವರದಿ ಕೊಡುವುದಕ್ಕೆ ಆ ಮಾತುಗಳೂ ಒಂದು ಪ್ರೇರಣೆ.

"ಇದರಲ್ಲಿ ಅಚ್ಚರಿ ಇದೆಯೋ ಇಲ್ಲವೋ?" ಎಂದು ಕೇಳಿದೆ.

ಹುಡುಗಿ ಸ್ವಲ್ಪ ಯೋಚಿಸಿ, "ಕೇಳಿದ ತಕ್ಷಣ ಅಚ್ಚರಿಯಾಗುತ್ತದೆ. ಆದರೆ 'ಸ್ವಾಮಿ ಅಂಡ್ ಫ್ರೆಂಡ್ಸ್' ಬರೆದವರು ಇನ್ನೇನು ಮಾತನಾಡುತ್ತಾರೆ ಮಾವ?" ಎಂದಳು.

ನಾನು ಹೇಳಬೇಕೆಂದಿದ್ದ ಪಾಠದ ಅರ್ಧವನ್ನು ಅವಳೇ ಹೇಳಿಬಿಟ್ಟಳು. ಮೊದಲು 'ಅರೆ!' ಅನ್ನಿಸಬೇಕು, ಮರುಕ್ಷಣ 'ಹೌದಲ್ಲ, ಹೀಗಲ್ಲದೆ ಇನ್ನು ಹೇಗೆ' ಅನ್ನಿಸಬೇಕು. ಲಾರಿಯಿಂದ ಮೊದಲನೆಯದಾಗುತ್ತದೆ, ಎರಡನೆಯದು ಆಗುವುದಿಲ್ಲ.

ಪುರಭವನದ ಮುಂದೆ ಒಬ್ಬ ಜ್ಯೋತಿಷಿ

ಸಂಜೆ ದೇವರಾಜ ಮಾರುಕಟ್ಟೆಯಲ್ಲಿ ಒಂದು ಸುತ್ತು ಹೊಡೆದು ದೊಡ್ಡ ಗಡಿಯಾರದ ಕಡೆಗೆ ಬಂದೆವು. ಅಲ್ಲಿರುವುದೇ ದಿವಾನ್ ರಂಗಾಚಾರ್ಲು ಅವರ ನೆನಪಿನ ಪುರಭವನ, 1884ರದು. ಮಾಲ್ಗುಡಿಯ ಪುರಭವನ ಇದೇ ಎಂದು ಯಾರೂ ಹೇಳುವಂತಿಲ್ಲ. ಮಾಲ್ಗುಡಿ ಭೂಪಟದಲ್ಲಿಲ್ಲದ ಊರು. 1930ರ ಸೆಪ್ಟೆಂಬರಿನಲ್ಲಿ ಅಜ್ಜಿ ನೋಡಿಕೊಟ್ಟ ಒಂದು ಒಳ್ಳೆಯ ದಿನ ಹೊಸ ನೋಟ್‌ಬುಕ್ಕು ಕೊಂಡು ಬರೆಯಲು ಕೂತಾಗ, ಪುಟ್ಟದೊಂದು ರೈಲು ನಿಲ್ದಾಣದ ಸಮೇತ ಆ ಊರು ತಾನಾಗಿಯೇ ಕಣ್ಣ ಮುಂದೆ ಬಂತೆಂದು ನಾರಾಯಣ್ ಬರೆದುಕೊಂಡಿದ್ದಾರೆ. ಆದರೂ ಇಂಥ ಜಾಗಗಳಲ್ಲಿ ಅವರು ದಿನಗಟ್ಟಲೆ ಅಡ್ಡಾಡಿದವರು. ಮದರಾಸಿನ 'ಜಸ್ಟಿಸ್' ಪತ್ರಿಕೆಗೆ ಮೈಸೂರಿನ ಬಾತ್ಮೀದಾರರಾಗಿದ್ದಾಗ ಮಾರುಕಟ್ಟೆ, ಕೋರ್ಟು, ಪೊಲೀಸು ಎಂದು ಸುತ್ತಿ ಸುದ್ದಿ ಹೆಕ್ಕುತ್ತಿದ್ದರು. ಅಚ್ಚಾದ ಸುದ್ದಿಯ ಉದ್ದವನ್ನು ಅಂಗುಲದಲ್ಲಿ ಅಳೆದು ಸಂಭಾವನೆ.

ಕಡಲೆಕಾಯಿ ಕೊಂಡು ಒಂದು ಕಡೆ ಕೂತೆವು. 'ಆನ್ ಆಸ್ಟ್ರಾಲಜರ್ಸ್ ಡೇ' ಕಥೆಯನ್ನು ಹುಡುಗಿ ಓದಿರಲಿಲ್ಲ. 1947ರಲ್ಲಿ ಅದೇ ಹೆಸರಿನ ಸಂಕಲನದಲ್ಲಿ ಬಂದ ಪುಟ್ಟ ಕಥೆ. ಓದದೆ ಇರುವ ಓದುಗರು ಕ್ಷಮಿಸಬೇಕು, ಅದರ ಅಂತ್ಯವನ್ನು ಹೇಳದೆ ನನಗಿಲ್ಲಿ ವಿಧಿಯಿಲ್ಲ.

ಪುರಭವನದ ಉದ್ಯಾನದ ದಾರಿಯಲ್ಲಿ, ಹುಣಸೆಮರದ ಕೆಳಗೆ ಒಬ್ಬ ಜ್ಯೋತಿಷಿ ಕೂರುತ್ತಾನೆ. ಹಣೆಗೆ ವಿಭೂತಿ, ತಲೆಗೆ ಪೇಟ, ಮುಂದೆ ಕವಡೆ. ಸ್ವಂತ ದೀಪವೂ ಇಲ್ಲ. ಪಕ್ಕದ ಕಡಲೆಕಾಯಿಯವನ ದೀಪದ ಬೆಳಕೇ ಬಂಡವಾಳ. ಜ್ಯೋತಿಷ್ಯ ಅವನಿಗೆ ಬರುವುದಿಲ್ಲ. ಜನರ ಮುಖ ನೋಡಿ ಊಹಿಸುವುದು ಬರುತ್ತದೆ. ಒಂದು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಗುರು ನಾಯಕ್ ಎಂಬ ಅಪರಿಚಿತ ಬಂದು ಕೂರುತ್ತಾನೆ, ಸರಿಯಾಗಿ ಹೇಳಿದರೆ ದುಡ್ಡು ಎಂದು ಪಂಥ ಕಟ್ಟುತ್ತಾನೆ. ಅವನು ಚುಟ್ಟಾ ಹೊತ್ತಿಸಿದಾಗ ಕಡ್ಡಿಯ ಬೆಳಕಿನಲ್ಲಿ ಮುಖ ಕಂಡ ಜ್ಯೋತಿಷಿ ಕಸಿವಿಸಿಗೊಂಡು ತಪ್ಪಿಸಿಕೊಳ್ಳಲು ನೋಡುತ್ತಾನೆ. ಬಂದವನು ಬಿಡುವುದಿಲ್ಲ. ಆಗ ಜ್ಯೋತಿಷಿ ಹೇಳುತ್ತಾನೆ: ನಿನಗೆ ಹಿಂದೆ ಒಬ್ಬ ಚೂರಿ ಹಾಕಿದ್ದ, ಸತ್ತೆಯೆಂದು ಬಾವಿಗೆ ತಳ್ಳಿದ್ದ. ಬಂದವನು ಬೆರಗಾಗುತ್ತಾನೆ. ತನ್ನನ್ನು ಇರಿದವನನ್ನು ಹುಡುಕುತ್ತಲೇ ಅವನು ಊರೂರು ಅಲೆಯುತ್ತಿದ್ದವನು. 'ಅವನು ಎಲ್ಲಿದ್ದಾನೆ?' ಎಂದು ಕೇಳುತ್ತಾನೆ. 'ಸತ್ತುಹೋದ, ಲಾರಿಯಡಿಗೆ ಸಿಕ್ಕು' ಎನ್ನುತ್ತಾನೆ ಜ್ಯೋತಿಷಿ. ಬಂದವನು ಸಮಾಧಾನವಾಗಿ ಊರಿನ ಹಾದಿ ಹಿಡಿಯುತ್ತಾನೆ. ರಾತ್ರಿ ಮನೆಯಲ್ಲಿ ಜ್ಯೋತಿಷಿ ಹೆಂಡತಿಯ ಬಳಿ ನಿಟ್ಟುಸಿರುಬಿಟ್ಟು ಹೇಳುತ್ತಾನೆ, ಇಷ್ಟು ವರ್ಷ ಒಬ್ಬನ ರಕ್ತ ತನ್ನ ಕೈಗೆ ಅಂಟಿದೆ ಎಂದುಕೊಂಡಿದ್ದೆ, ಅವನು ಬದುಕಿದ್ದಾನೆ ಎಂದು. ಇರಿದವನು ಅವನೇ!

ಹುಡುಗಿ ಕೈಯಲ್ಲಿದ್ದ ಕಡಲೆಕಾಯಿಯನ್ನು ಒಡೆಯದೆ ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ, "ಮಾವ, ಇಲ್ಲೂ ಒಂದು ಲಾರಿ ಇದೆಯಲ್ಲ!" ಎಂದಳು.

ಇದೆ. ಆದರೆ ಈ ಲಾರಿ ಕಥೆಗಾರನದಲ್ಲ, ಜ್ಯೋತಿಷಿಯದು. ಜೀವ ಉಳಿಸಿಕೊಳ್ಳಲು ಅವನು ಹೇಳಿದ ಸುಳ್ಳಿನ ಲಾರಿ. ಎದುರಿಗಿರುವವನ ಸಿಟ್ಟು ಇಳಿಯಬೇಕು, ಅವನು ಇನ್ನು ಹುಡುಕಬಾರದು. ಅದಕ್ಕೆ ಬೇಕಾದಷ್ಟು ಸಾವನ್ನು ಅವನು ಅಳೆದು ಕೊಡುತ್ತಾನೆ. ನಮ್ಮ ಹುಡುಗಿಯ ಕಥೆಯಲ್ಲಿ ಲಾರಿ ತಂದದ್ದು ಪಾತ್ರವಲ್ಲ, ಮುಂದೇನೆಂದು ತೋಚದೆ ಕೂತ ಕಥೆಗಾರ್ತಿ. ವ್ಯತ್ಯಾಸ ಇಷ್ಟೇ, ಆದರೆ ಎಲ್ಲ ಇರುವುದು ಅದರಲ್ಲೇ.

ಇನ್ನೊಂದು ಗಮನಿಸಬೇಕಾದದ್ದು. ಗುಟ್ಟನ್ನು ನಾರಾಯಣ್ ಕೊನೆಯವರೆಗೆ ಬಚ್ಚಿಟ್ಟಿಲ್ಲ. ಕಥೆ ಶುರುವಾದ ಸ್ವಲ್ಪದರಲ್ಲೇ ಹೇಳಿಬಿಡುತ್ತಾರೆ: ಈ ಮನುಷ್ಯ ಜ್ಯೋತಿಷಿಯಾಗಬೇಕೆಂದು ಬಂದವನಲ್ಲ, ಊರಿನಲ್ಲಿದ್ದಿದ್ದರೆ ಹಿರಿಯರಂತೆ ಹೊಲ ಉಳುತ್ತಿದ್ದ, ಯಾರಿಗೂ ಹೇಳದೆ ಊರು ಬಿಡಬೇಕಾಯಿತು, ನೂರಾರು ಮೈಲಿ ದಾಟುವವರೆಗೆ ಅವನಿಗೆ ನೆಮ್ಮದಿಯಿರಲಿಲ್ಲ. ಓದುವಾಗ ನಾವು ಇದನ್ನು ಬಡವನ ಸಾಮಾನ್ಯ ಪಾಡು ಎಂದುಕೊಂಡು ದಾಟಿಹೋಗುತ್ತೇವೆ. ಯಾಕೆ ಬಿಟ್ಟ ಎಂದು ಕೇಳುವುದಿಲ್ಲ. ಕೊನೆಯ ಸಾಲಿಗೆ ಬಂದಾಗ ಮೊದಲ ಪುಟ ಹೊಸದಾಗಿ ಕಾಣುತ್ತದೆ. ಒಳ್ಳೆಯ ಕಥೆಯ ಗುಟ್ಟು ಎದುರಿಗೇ ಇರುತ್ತದೆ; ನಾವು ಅದನ್ನು ದಿನನಿತ್ಯದ ಸಾಮಾನು ಎಂದುಕೊಂಡಿರುತ್ತೇವೆ.

"ಆದರೆ ಅವನು ಅದೇ ರಾತ್ರಿ ಅಲ್ಲೇ ಬಂದು ಕೂತದ್ದು ಕಾಕತಾಳೀಯ ಅಲ್ಲವೇ?" ಎಂದು ಹುಡುಗಿ ಬಿಡಲಿಲ್ಲ.

ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತು ಎನ್ನುವುದೇ ಕಾಕತಾಳೀಯ. ಹೌದು, ಇದೂ ಅದೇ. ಆದರೆ ಈ ಹಣ್ಣು ಬಿದ್ದು ಪಾತ್ರ ಇಕ್ಕಟ್ಟಿಗೆ ಸಿಕ್ಕಿತು. ಇಕ್ಕಟ್ಟಿನಿಂದ ಹೊರಬರಲು ಮಾತ್ರ ಇನ್ನೊಂದು ಹಣ್ಣು ಬೀಳಲಿಲ್ಲ, ಪಾತ್ರವೇ ದಾರಿ ಮಾಡಿಕೊಂಡಿತು. ಕಾಕತಾಳೀಯದಿಂದ ಕಥೆ ಆರಂಭವಾದರೆ ಓದುಗರು ಒಪ್ಪುತ್ತಾರೆ, ಮುಗಿದರೆ ಒಪ್ಪುವುದಿಲ್ಲ. ಕಥೆ ಬರೆಯುವ ಮಕ್ಕಳು ಇಷ್ಟನ್ನು ನೆನಪಿಟ್ಟುಕೊಂಡರೂ ಎಷ್ಟೋ ನಾಯಕ ನಾಯಕಿಯರ ಜೀವ ಉಳಿದೀತು.

ಪುಣ್ಯಕೋಟಿಯ ಕಥೆ ನಮಗೆಲ್ಲ ಬಾಯಿಪಾಠ. ಹುಲಿ ಹಸುವನ್ನು ತಿನ್ನುತ್ತದೆಯೋ ಬಿಡುತ್ತದೆಯೋ ಎಂದು ಮಗು ಕಾದಿರುತ್ತದೆ. ಹುಲಿ ತಾನೇ ಪ್ರಾಣ ಬಿಡುತ್ತದೆಂದು ಮೊದಲ ಸಲ ಕೇಳುವ ಯಾವ ಮಗು ಎಣಿಸೀತು? ಅಲ್ಲೂ ಸಾವಿದೆ, ಆದರೆ ಅದು ಹೊರಗಿನಿಂದ ಬಂದದ್ದಲ್ಲ. ಹಸು ಕೊಟ್ಟ ಮಾತಿಗೆ ತಪ್ಪದೆ ಮರಳಿ ಬಂದದ್ದರ ಫಲ. ಅದಕ್ಕೇ ನೂರನೆಯ ಸಲ ಕೇಳಿದಾಗಲೂ ಗಂಟಲು ಕಟ್ಟುತ್ತದೆ. ಗೊತ್ತಾದ ಮೇಲೂ ಉಳಿಯುವ ಅಚ್ಚರಿಯೇ ನಿಜವಾದ ಅಚ್ಚರಿ.

ಕೆರೆ ಏರಿಯ ಮೇಲೆ ಒಂದು ವರ್ಷ

ಮರುದಿನ ಬೆಳಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ ಇದು. ಈಗ ಮಾನಸಗಂಗೋತ್ರಿಯ ಪಕ್ಕದಲ್ಲಿ, ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ. ಏರಿಯ ಮೇಲೆ ನಡೆಯುವವರದೇ ಒಂದು ಜಾತ್ರೆ: ನಿವೃತ್ತರು, ಉಸಿರು ಬಿಗಿಹಿಡಿದು ಓಡುವ ಹುಡುಗರು, ಪುಸ್ತಕ ಹಿಡಿದು ಕೂತ ವಿದ್ಯಾರ್ಥಿಗಳು. ನೀರಿನ ಮೇಲೆ ಹೆಜ್ಜಾರ್ಲೆಗಳು ಅವಸರವಿಲ್ಲದೆ ತೇಲುತ್ತಿದ್ದವು.

ಸುಮಾರು ನೂರು ವರ್ಷದ ಹಿಂದೆ ಇದೇ ಕೆರೆಯ ದಡದಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದ ಒಬ್ಬ ಹುಡುಗ ಪರೀಕ್ಷೆಯಲ್ಲಿ ಫೇಲಾದವನು. ನಾರಾಯಣ್ ಅವರ ತಂದೆ ಮಹಾರಾಜಾ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು. ಹೆಡ್‌ಮಾಸ್ಟರ ಮಗನೇ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲು! ಕಾಲೇಜಿಗೆ ಹೋಗುವಂತಿಲ್ಲ, ಮಾಡಲು ಬೇರೆ ಕೆಲಸವಿಲ್ಲ. ಒಂದು ವರ್ಷವಿಡೀ ಓದಿದರು, ನಡೆದರು, ಏನೇನೋ ಗೀಚಿದರು. 1926ರಲ್ಲಿ ಪಾಸಾಗಿ ಮಹಾರಾಜಾ ಕಾಲೇಜು ಸೇರಿದರು. ಅಲ್ಲೂ ಬಿ.ಎ. ಮುಗಿಸಲು ಇತರರಿಗಿಂತ ಒಂದು ವರ್ಷ ಹೆಚ್ಚೇ ಹಿಡಿಯಿತು. ಆ ಖಾಲಿ ವರ್ಷವೇ ಅವರನ್ನು ಲೇಖಕನನ್ನಾಗಿ ಮಾಡಿತು ಎಂದು ಹೇಳಿದರೆ ಅದೂ ಒಂದು ಲಾರಿಯೇ ಆದೀತು. ಫೇಲಾದವರೆಲ್ಲ ನಾರಾಯಣ್ ಆಗುವುದಿಲ್ಲ. ಅಷ್ಟು ಮಾತ್ರ ನಿಜ: ಅಲ್ಲಿಗೆ ಕಥೆ ಮುಗಿಯಲಿಲ್ಲ.

ಹುಡುಗಿ ಮಾತನಾಡದೆ ನಡೆದಳು. ಅರ್ಧ ಏರಿ ದಾಟಿದ ಮೇಲೆ ಒಂದು ಪ್ರಶ್ನೆ ಕೇಳಿದಳು. "ನೀವು ಹೇಳುವುದೆಲ್ಲ ಸರಿ ಮಾವ. ಆದರೆ ನಿಜವಾದ ಜೀವನದಲ್ಲಿ ಲಾರಿ ಬರುವುದೇ ಇಲ್ಲವೇ? ಕಾರಣವಿಲ್ಲದೆ ಏನೂ ಆಗುವುದೇ ಇಲ್ಲವೇ?"

ಒಳ್ಳೆಯ ಪ್ರಶ್ನೆ. ಇದಕ್ಕೂ ಉತ್ತರ ನಾರಾಯಣರ ಬದುಕಿನಲ್ಲೇ ಇದೆ. ಪ್ರೀತಿಸಿ ಮದುವೆಯಾದ ಹೆಂಡತಿ ರಾಜಂ 1939ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡರು. ಕೈಯಲ್ಲಿ ಪುಟ್ಟ ಮಗಳು. ಮದುವೆಗೆ ಮುಂಚೆ ಜಾತಕ ಕೂಡುವುದಿಲ್ಲ, ಸಪ್ತಮದಲ್ಲಿ ಕುಜನಿದ್ದಾನೆ ಎಂದು ಜೋಯಿಸರು ಅಡ್ಡಿ ಹೇಳಿದ್ದರಂತೆ. ಮುಂದೆ ಸುಳ್ಳು ಜ್ಯೋತಿಷಿಯ ಕಥೆ ಬರೆದವರ ಬಾಳಿನಲ್ಲಿ ಹೀಗೂ ಒಂದು ಅಧ್ಯಾಯವಿತ್ತು. ಬದುಕಿನಲ್ಲಿ ಲಾರಿ ಬರುತ್ತದೆ. ಬರುವುದಿಲ್ಲವೆಂದು ಯಾರೂ ಹೇಳಲಾರರು.

ಆದರೆ ಆ ದುಃಖವನ್ನು ಅವರು ಕಥೆಯಾಗಿ ಬರೆದ ಬಗೆ ನೋಡಬೇಕು. 1945ರ 'ದಿ ಇಂಗ್ಲಿಷ್ ಟೀಚರ್' ಕಾದಂಬರಿಯಲ್ಲಿ ಕೃಷ್ಣ, ಸುಶೀಲಾ ಹೊಸ ಮನೆ ನೋಡಲು ಹೋಗುತ್ತಾರೆ. ಸಂಭ್ರಮದ ದಿನ. ಅಲ್ಲಿ ಸುಶೀಲಾ ಗಲೀಜಾದ ಪಾಯಿಖಾನೆಯೊಳಗೆ ಸಿಕ್ಕಿಹಾಕಿಕೊಂಡು ಅಸಹ್ಯಪಟ್ಟು ಹೊರಬರುತ್ತಾಳೆ. ಆಮೇಲೆ ಜ್ವರ. ಆಮೇಲೆ ಸಾವು. ಓದುಗರಿಗೆ ಎದೆ ಒಡೆದಂತಾಗುತ್ತದೆ. ಆದರೆ ಈ ಸಾವು ಬರುವುದು ಪುಸ್ತಕದ ಕೊನೆಯಲ್ಲಲ್ಲ, ನಡುವಿನಲ್ಲಿ. ಉಳಿದ ಅರ್ಧ ಪುಸ್ತಕ, ಉಳಿದವನು ಮಗಳನ್ನು ಕಟ್ಟಿಕೊಂಡು ಹೇಗೆ ಬದುಕಿದ ಎಂಬುದು. ಕಥೆಯಲ್ಲಿ ಲಾರಿ ಬರಲೇಬಾರದು ಎಂದಲ್ಲ. ಬಂದರೆ, ಆಮೇಲೆ ಏನಾಯಿತು ಎಂದು ಹೇಳುವ ಜವಾಬ್ದಾರಿ ಬರೆದವರದು. ನಿನ್ನ ಕಥೆಯ ಹುಡುಗಿಯ ಅಮ್ಮ ಮರುದಿನ ಬೆಳಗ್ಗೆ ಏನು ಮಾಡಿದಳು? ಅದನ್ನು ಬರೆಯಲು ಆಗುವುದಿಲ್ಲವೆಂದಾದರೆ ಲಾರಿಯನ್ನು ಕರೆಯಬಾರದು.

ಹುಡುಗಿ ಒಂದು ಕಲ್ಲಿನ ಮೇಲೆ ಕೂತಳು. "ಅಮ್ಮನ ಬಗ್ಗೆ ನಾನು ಯೋಚಿಸಲೇ ಇಲ್ಲ. ಕಥೆಯಲ್ಲಿ ಅವಳಿಗೆ ಒಂದು ಮಾತೂ ಇಲ್ಲ" ಎಂದಳು. ನಾನು ಹೆಜ್ಜಾರ್ಲೆಗಳನ್ನು ನೋಡುತ್ತಾ ನಿಂತೆ.

ಹಿನ್ನೀರಿನ ಮೇಲೆ ರೈಲು

ಮಧ್ಯಾಹ್ನದ ರೈಲಿಗೆ ವಾಪಸು ಹೊರಟೆವು. ಮೈಸೂರು ಬಿಟ್ಟು ಸಾಗರಕಟ್ಟೆಯ ಹತ್ತಿರ ಬಂದರೆ ರೈಲು ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಮೇಲೆ ಹಾದುಹೋಗುತ್ತದೆ. ಮಳೆಗಾಲದಲ್ಲಿ ಎರಡೂ ಕಡೆ ಸಮುದ್ರ. ಈಗ ಬೇಸಿಗೆ, ನೀರು ಹಿಂದಕ್ಕೆ ಸರಿದು ಅಂಚಿನ ಕೆಸರು ಒಣಗಿ ಬಿರುಕುಬಿಟ್ಟಿತ್ತು.

'ದಿ ಗೈಡ್' ಹುಟ್ಟಿದ್ದು ಇಂಥ ಬಿರುಕಿನಲ್ಲೇ. ಒಮ್ಮೆ ಬರಗಾಲದಲ್ಲಿ ಕನ್ನಂಬಾಡಿ ಕಟ್ಟೆ ಬತ್ತಿ ಒಳಗೆ ಮುಳುಗಿದ್ದ ಹಳೆಯ ಗುಡಿ ಕಾಣಿಸಿಕೊಂಡಿತ್ತಂತೆ. ಮಳೆಗಾಗಿ ಪ್ರಾರ್ಥನೆ ಏರ್ಪಾಟಾಯಿತು. ಕಾವೇರಿಯ ಒಣಗಿದ ಪಾತ್ರದಲ್ಲಿ ಕಷ್ಟಪಟ್ಟು ನೀರು ತುಂಬಿಸಿ, ವೈದಿಕರು ಮೊಣಕಾಲುದ್ದ ನೀರಿನಲ್ಲಿ ನಿಂತು ಹನ್ನೊಂದು ದಿನ ಉಪವಾಸವಿದ್ದು ಜಪ ಮಾಡಿದರು. ಹನ್ನೆರಡನೆಯ ದಿನ ಮಳೆ ಬಂತು! ನಾರಾಯಣ್ ಇದನ್ನು ಮನಸ್ಸಿನಲ್ಲಿಟ್ಟುಕೊಂಡು 1956ರಲ್ಲಿ ಅಮೆರಿಕದ ಬರ್ಕ್ಲಿಯ ಹೋಟೆಲೊಂದರಲ್ಲಿ ಕೂತು ಕಾದಂಬರಿ ಬರೆದರು. 1958ರಲ್ಲಿ ಅದು ಪ್ರಕಟವಾಯಿತು. 1960ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಜೈಲಿನಿಂದ ಬಿಡುಗಡೆಯಾದ ರಾಜು ನದಿಯ ದಂಡೆಯ ಪಾಳುಗುಡಿಯಲ್ಲಿ ಕೂತರೆ ಹಳ್ಳಿಯವರು ಅವನನ್ನು ಸ್ವಾಮಿ ಎಂದುಕೊಳ್ಳುತ್ತಾರೆ. ಬರ ಬಂದು ಹಳ್ಳಿಗರು ಹೊಡೆದಾಡಿಕೊಂಡಾಗ, ಜಗಳ ನಿಲ್ಲಿಸುವವರೆಗೆ ಊಟ ಮಾಡುವುದಿಲ್ಲ ಎಂದು ಅವನು ಹೇಳಿಕಳಿಸುತ್ತಾನೆ. ಸುದ್ದಿ ಒಯ್ದ ಪೆದ್ದ ಹುಡುಗನ ಬಾಯಲ್ಲಿ ಅದು, ಮಳೆ ಬರುವವರೆಗೆ ಸ್ವಾಮಿಗಳ ಉಪವಾಸ ಎಂದಾಗುತ್ತದೆ! ಸಿಕ್ಕಿಬಿದ್ದ ರಾಜು ವೇಲನ್ ಎಂಬ ಭಕ್ತನಿಗೆ ತನ್ನ ಮೋಸದ ಬದುಕನ್ನೆಲ್ಲ ಹೇಳಿಕೊಳ್ಳುತ್ತಾನೆ. ಇನ್ನು ಇವನು ಕಾರಿ ಉಗಿದು ಎದ್ದುಹೋಗುತ್ತಾನೆ, ನಾನು ಪಾರಾದೆ ಎಂಬ ಆಸೆ. ನಾವೂ ಹಾಗೆಯೇ ಎಣಿಸುತ್ತೇವೆ. ಎಲ್ಲ ಕೇಳಿದ ಮೇಲೂ ವೇಲನ್ ಅವನನ್ನು ಸ್ವಾಮಿ ಎಂದೇ ಕರೆಯುತ್ತಾನೆ! ಇಡೀ ಕಾದಂಬರಿಯ ದೊಡ್ಡ ಅನಿರೀಕ್ಷಿತ ಇದೇ. ಲಾರಿಯೂ ಇಲ್ಲ, ಚೂರಿಯೂ ಇಲ್ಲ. ಒಬ್ಬ ಮನುಷ್ಯ ಇನ್ನೊಬ್ಬನನ್ನು ಬಿಟ್ಟುಹೋಗಲಿಲ್ಲ, ಅಷ್ಟೇ.

ಕೊನೆಯಲ್ಲಿ ರಾಜು ಬದುಕಬೇಕೋ ಸಾಯಬೇಕೋ ಎಂದು ನಾರಾಯಣರಿಗೇ ಅನುಮಾನವಿತ್ತು. ಸಾಯಲೇಬೇಕು ಎಂದವರು ಅವರ ಸ್ನೇಹಿತ, ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್. ಆದರೂ ಮುದ್ರಿತ ಪುಸ್ತಕದಲ್ಲಿ ರಾಜು ನೀರಿನಲ್ಲಿ ನಿಂತು, ಬೆಟ್ಟಗಳಲ್ಲಿ ಮಳೆಯಾಗುತ್ತಿದೆ ಎಂದು ಹೇಳಿ ಕುಸಿಯುತ್ತಾನೆ. ಮಳೆ ಬಂತೇ? ಸತ್ತನೇ? ಬರೆದಿಲ್ಲ. 1965ರ ಹಿಂದಿ ಚಿತ್ರದಲ್ಲಿ ಧಾರಾಕಾರ ಮಳೆ ಸುರಿಸಿದರು. ಚಿತ್ರವನ್ನು ಜನ ಮೆಚ್ಚಿದರು; ನಾರಾಯಣ್ ಮೆಚ್ಚಲಿಲ್ಲ.

ಕಥೆ ಹೇಳಿ ಮುಗಿಸುವಾಗ ಸೇತುವೆ ದಾಟಿ ಬಹಳ ಹೊತ್ತಾಗಿತ್ತು. ಹುಡುಗಿ ಕಿಟಕಿಯ ಸರಳಿಗೆ ತಲೆ ಒರಗಿಸಿ ಕೂತಿದ್ದಳು. ನಿದ್ದೆ ಬಂದಿರಬೇಕು ಎಂದುಕೊಂಡೆ. ಕೃಷ್ಣರಾಜನಗರದಲ್ಲಿ ರೈಲು ನಿಂತಾಗ ಥಟ್ಟನೆ ತಿರುಗಿ ಕೇಳಿದಳು:

"ಮಾವ, ಪಿಯುಸಿ ಮುಗಿಸುವ ಮುಂಚೆ ಅಮ್ಮ ಒಂದು ವರ್ಷ ಮೈಸೂರಿನಲ್ಲಿ ಯಾಕಿದ್ದಳು?"

ನನಗೆ ಉತ್ತರ ಹೊರಡಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಯಾರೂ ಎತ್ತದ ಮಾತು ಅದು. ಫಲಿತಾಂಶ ಬಂದ ದಿನ ಅಪ್ಪ ಮಾತು ಬಿಟ್ಟದ್ದು, ಚಿಕ್ಕಮ್ಮ ಬಂದು ತಂಗಿಯನ್ನು ಕರೆದುಕೊಂಡು ಹೋದದ್ದು ಎಲ್ಲ ಕಣ್ಣ ಮುಂದೆ ಬಂತು. "ಅದನ್ನು ನೀನು ಅಮ್ಮನನ್ನೇ ಕೇಳಬೇಕು" ಎಂದೆ.

"ಕೇಳುವುದೇನು, ಹೊರಡುವ ಮುಂಚೆ ಅವಳೇ ಹೇಳಿದಳಲ್ಲ. ನಾನೇ ಗಮನಿಸಲಿಲ್ಲ" ಎಂದಳು.

ಹಾಸನದಲ್ಲಿ ಇಳಿದಾಗ ತಂಗಿ ನಿಲ್ದಾಣಕ್ಕೇ ಬಂದಿದ್ದಳು. ತಾಯಿ ಮಗಳು ಏನು ಮಾತನಾಡಿಕೊಂಡರೋ ನನಗೆ ತಿಳಿಯದು. ನಾನು ಚೀಲಗಳನ್ನು ಹಿಡಿದು ಬೇಕೆಂದೇ ಹತ್ತು ಹೆಜ್ಜೆ ಹಿಂದೆ ನಡೆದೆ. ರಾತ್ರಿ ಊಟವಾದ ಮೇಲೆ ಅಡಿಗೆಮನೆಯ ದೀಪ ಬಹಳ ಹೊತ್ತು ಉರಿಯುತ್ತಿತ್ತು.

ಬೆಳಗ್ಗೆ ನಾನು ಹೊರಡುವಾಗ ನೋಟ್‌ಬುಕ್ಕು ಮೇಜಿನ ಮೇಲೆ ತೆರೆದಿತ್ತು. ಲಾರಿಯ ಸಾಲುಗಳಿಗೆ ನೀಲಿ ಶಾಯಿಯಲ್ಲಿ ಅಡ್ಡಗೀಟು ಬಿದ್ದಿತ್ತು. ಕೆಳಗೆ ಹೊಸದಾಗಿ ಒಂದೇ ಸಾಲು: ಹುಡುಗಿ ಕತ್ತಲಾದ ಮೇಲೆ ಮನೆಗೆ ಮರಳಿದಾಗ ಬಾಗಿಲ ಚಿಲಕ ಹಾಕಿರಲಿಲ್ಲ. ಮುಂದೇನಾಗುತ್ತದೆ ಎಂದು ಕೇಳಿದೆ. "ನನಗೂ ಇನ್ನೂ ಗೊತ್ತಿಲ್ಲ ಮಾವ" ಎಂದು ನಕ್ಕು, ಭೌತಶಾಸ್ತ್ರದ ಪುಸ್ತಕ ತೆಗೆದುಕೊಂಡು ಒಳಗೆ ಹೋದಳು.